ಎಐ ಎಥಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಬೇಕಾ? ನಾನು ಹಾಕಿದ ಲೆಕ್ಕ

ನನ್ನವ್ವ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 2025ರ ಜುಲೈನಲ್ಲಿ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಹೊಂದಾಣಿಕೆ ಕಡ್ಡಾಯ ಎಂಬ ನಿಯಮ ಆ ತಿಂಗಳ 1ನೇ ತಾರೀಖಿನಿಂದ ದೇಶದಾದ್ಯಂತ ಜಾರಿಯಾಗಿತ್ತು. ಎದುರಿಗೆ ಕೂಸು ಎತ್ತಿಕೊಂಡ ಬಾಣಂತಿ ನಿಂತಿದ್ದಾಳೆ, ಮೊಬೈಲ್ ಮಾತ್ರ ಮುಖ ಹೊಂದುತ್ತಿಲ್ಲ ಅಂತ ಮತ್ತೆ ಮತ್ತೆ ಹೇಳುತ್ತಿದೆ.

"ಈ ಫೋನಿಗೆ ಆಕಿ ಯಾರಂತ ಗೊತ್ತಾಗವಲ್ದು. ನನಗ ಗೊತ್ತೈತಲ್ಲ? ಆಕಿ ನನ್ನ ಅಂಗನವಾಡ್ಯಾಗ ಕುಂತು ಅ ಆ ಕಲ್ತಾಕಿ. ನೀ ಕಂಪ್ಯೂಟರ್ ಓದೀಯಲ್ಲ, ಇದು ಯಾಕ ಹಿಂಗ ಮಾಡತೈತಿ ಹೇಳು."

ನನಗೆ ಅರ್ಧ ಉತ್ತರ ಮಾತ್ರ ಗೊತ್ತಿತ್ತು. ನಾನು ಬೆಂಗಳೂರಿನ ಒಂದು ಕಂಪನಿಯ ಡೇಟಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮುಖವನ್ನು ಯಂತ್ರ ಹೇಗೆ ಗುರುತಿಸುತ್ತದೆ ಎಂದು ವಿವರಿಸಬಲ್ಲೆ. ಆದರೆ ಗುರುತಿಸದೇ ಹೋದಾಗ ಆ ಕೂಸಿನ ಪಾಲಿನ ಆಹಾರಕ್ಕೆ ಯಾರು ಹೊಣೆ? ಅದು ನಾನು ಓದಿದ ಯಾವ ಸಿಲೆಬಸ್‌ನಲ್ಲೂ ಇರಲಿಲ್ಲ. ಎಐ ಎಥಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಬೇಕಾ ಎಂಬ ಪ್ರಶ್ನೆ ತಲೆಗೆ ಹೊಕ್ಕಿದ್ದು ಅವತ್ತೇ. ಅಲ್ಲಿಂದೀಚೆಗೆ ನಾನು ಹಾಕಿದ ಲೆಕ್ಕವನ್ನು ಇಲ್ಲಿಡುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವ ಬಹಳ ಜನ ನನಗೆ ಸಿಕ್ಕಿದ್ದಾರೆ.

ಇಷ್ಟಕ್ಕೂ ಇದು ಯಾವ ವಿಷಯ?

ಎಐ ನೈತಿಕತೆ ಅಂದ ತಕ್ಷಣ ರೋಬೋಟ್‌ಗಳಿಗೆ ನೀತಿಪಾಠ ಹೇಳುವುದು ಅಂದುಕೊಳ್ಳುವವರಿದ್ದಾರೆ. ಅವ್ವನ ಮೊಬೈಲ್‌ನಿಂದಲೇ ಶುರು ಮಾಡೋಣ. ಕ್ಯಾಮೆರಾ ತೆಗೆದ ಚಿತ್ರವನ್ನು ಸಾಫ್ಟ್‌ವೇರ್ ಒಂದಷ್ಟು ಅಂಕಿಗಳಾಗಿ ಬದಲಿಸುತ್ತದೆ. ಮೊದಲೇ ದಾಖಲಾದ ಫೋಟೊದ ಅಂಕಿಗಳ ಜೊತೆ ಹೋಲಿಸಿ, ಎಷ್ಟು ಹತ್ತಿರ ಇದೆ ಎಂದು ಒಂದು ಅಂಕ ಕೊಡುತ್ತದೆ. ಆ ಅಂಕ ಇಂತಿಷ್ಟು ದಾಟಿದರೆ ಪಾಸ್, ಇಲ್ಲದಿದ್ದರೆ ಫೇಲ್.

ಆ 'ಇಂತಿಷ್ಟು' ಎಷ್ಟು? ಗೆರೆಯನ್ನು ಮೇಲೆ ಎಳೆದರೆ ಅರ್ಹರೂ ವಾಪಸ್ ಹೋಗುತ್ತಾರೆ. ಕೆಳಗೆ ಎಳೆದರೆ ಬೇರೆಯವರೂ ಒಳಗೆ ಬರುತ್ತಾರೆ. ಒಬ್ಬ ಮೋಸಗಾರನನ್ನು ತಡೆಯಲು ಎಷ್ಟು ಜನ ಅರ್ಹರನ್ನು ಬರಿಗೈಲಿ ಕಳಿಸಬಹುದು? ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಯಾರೋ ಒಬ್ಬರು ತೀರ್ಮಾನ ಮಾಡಿರುತ್ತಾರೆ, ಅದು ರಾಜಕೀಯ ತೀರ್ಮಾನ. 98 ಪರ್ಸೆಂಟ್ ಸರಿ ಎನ್ನುವ ಒಂದು ವ್ಯವಸ್ಥೆಯನ್ನು ಊಹಿಸಿಕೊಳ್ಳಿ. ಕೇಳಲು ಚೆನ್ನಾಗಿದೆ. ಒಂದು ಲಕ್ಷ ಮಂದಿಯ ಮೇಲೆ ಹಾಕಿದರೆ 2,000 ಜನ ಹೊರಗೆ. ಆ 2,000 ಜನ ಯಾರು ಅನ್ನುವುದೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ.

ಇದನ್ನು ಅಳೆದು ತೋರಿಸಿದ ಕೆಲಸಗಳಲ್ಲಿ ಹೆಚ್ಚು ಹೆಸರಾದದ್ದು 2018ರ 'ಜೆಂಡರ್ ಶೇಡ್ಸ್'. ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವುದು ಅವುಗಳ ಕೆಲಸ. ಬಿಳಿ ಚರ್ಮದ ಗಂಡಸರ ವಿಚಾರದಲ್ಲಿ ತಪ್ಪು 1 ಪರ್ಸೆಂಟ್‌ಗಿಂತ ಕಡಿಮೆ. ಕಪ್ಪು ಚರ್ಮದ ಹೆಂಗಸರ ವಿಚಾರದಲ್ಲಿ 34.7 ಪರ್ಸೆಂಟ್‌ವರೆಗೂ ಇತ್ತು.

ಅಳೆಯುವುದು ಒಂದು ದಾರಿಯಾದರೆ ಕಾನೂನು ಇನ್ನೊಂದು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ವಂಚನೆ ಹುಡುಕಲು ತೆರಿಗೆ ಇಲಾಖೆ ಅಲ್ಗಾರಿದಂ ಬಳಸಿತು. ಸಾವಿರಾರು ಪೋಷಕರಿಗೆ ಸುಳ್ಳೇ ವಂಚಕರ ಪಟ್ಟ ಸಿಕ್ಕಿತು, ವಲಸಿಗ ಮೂಲದವರಿಗೆ ಪೆಟ್ಟು ಜಾಸ್ತಿ ಬಿತ್ತು. ಕೊನೆಗೆ 2021ರ ಜನವರಿಯಲ್ಲಿ ಇಡೀ ಸಂಪುಟವೇ ರಾಜೀನಾಮೆ ಕೊಟ್ಟಿತು. ನಮ್ಮ ಪಕ್ಕದ ತೆಲಂಗಾಣದಲ್ಲಿ ಕಂಪ್ಯೂಟರ್ ವಿಶ್ಲೇಷಣೆ ಆಧರಿಸಿ ಸ್ಥಳ ಪರಿಶೀಲನೆಯಿಲ್ಲದೆ ರೇಷನ್ ಕಾರ್ಡ್ ರದ್ದಾದ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸುಮಾರು 19 ಲಕ್ಷ ಕಾರ್ಡ್‌ಗಳನ್ನು ಮತ್ತೆ ಪರಿಶೀಲಿಸಿ ಎಂದು 2022ರಲ್ಲಿ ಕೋರ್ಟ್ ಹೇಳಿತು. ಅಲ್ಲಿ ಸರ್ಕಾರವೇ ಹೋಯಿತು. ಇಲ್ಲಿ ಎಷ್ಟು ಜನಕ್ಕೆ ಈ ವಿಷಯ ನೆನಪಿದೆ?

ಮೂರನೆಯ ದಾರಿ, ಊರಿಗೆ ಹೋಗಿ ನೋಡುವುದು. ದೆಹಲಿ ಪೊಲೀಸರು ಅಪರಾಧ ಎಲ್ಲಿ ನಡೆಯಬಹುದೆಂದು ಹೇಳಲು ಬಳಸುವ ವ್ಯವಸ್ಥೆಯನ್ನು ವಿದುಷಿ ಮಾರ್ಡಾ ಮತ್ತು ಶಿವಾಂಗಿ ನಾರಾಯಣ್ ಅಧ್ಯಯನ ಮಾಡಿದ್ದಾರೆ. ಡೇಟಾ ಹುಟ್ಟುವ ಜಾಗದಲ್ಲೇ ಪೂರ್ವಗ್ರಹ ಹೇಗೆ ಸೇರಿಕೊಳ್ಳುತ್ತದೆ ಎಂದು 2020ರಲ್ಲಿ ಬರೆದರು. ಅಮೆರಿಕದ ನ್ಯಾಯದ ಸೂತ್ರಗಳನ್ನು ಹಾಗೇ ತಂದು ಭಾರತಕ್ಕೆ ಅಂಟಿಸಿದರೆ ಆಗುವುದಿಲ್ಲ, ಇಲ್ಲಿ ಜಾತಿ ಇದೆ, ಡೇಟಾದಲ್ಲಿ ಕಾಣಿಸದ ಜನ ಇದ್ದಾರೆ ಎಂದು ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2021ರಲ್ಲಿ ವಾದಿಸಿದರು. ಇದನ್ನು ಓದಿದಾಗ ನನಗನಿಸಿದ್ದು, ನಮ್ಮೂರಿನ ಪ್ರಶ್ನೆಯೂ ಸಂಶೋಧನೆಯ ಪ್ರಶ್ನೆಯೇ ಅಂತ.

ದುಡ್ಡಿನ ಮಾತು

ಆದರ್ಶ ಸರಿ, ಬಾಡಿಗೆ ಯಾರು ಕಟ್ಟುತ್ತಾರೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತಮ್ಮನ ಫೀಸು ನನ್ನ ಸಂಬಳದಿಂದ ಹೋಗುತ್ತದೆ.

ನೆಟ್ ಬರೆದು ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೊತೆಗೆ ಮನೆ ಬಾಡಿಗೆ ಭತ್ಯೆ. 2023ರ ಜನವರಿಯಿಂದ ಇದೇ ದರ. ಐಐಎಸ್‌ಸಿ, ಐಐಟಿಯಂಥ ಕಡೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕರೆ 70,000ದಿಂದ 80,000. ಇವೆರಡೂ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದರೆ ನಾನ್-ನೆಟ್ ಫೆಲೋಶಿಪ್ 8,000. ಅದನ್ನೂ ನಿಲ್ಲಿಸಲು ಹೊರಟಾಗ 2015ರಲ್ಲಿ ವಿದ್ಯಾರ್ಥಿಗಳು 'ಆಕ್ಯುಪೈ ಯುಜಿಸಿ' ಎಂದು ಬೀದಿಗಿಳಿದಿದ್ದರು. ಅಲ್ಪಸಂಖ್ಯಾತ ಸಮುದಾಯದವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಅಂದರೆ ಎಐನಿಂದ ಯಾರು ಹೊರಗುಳಿಯುತ್ತಾರೆ ಎಂದು ಪ್ರಶ್ನೆ ಕೇಳುವ ಕೆಲಸದಿಂದಲೇ ಹೊರಗುಳಿಯುವವರಿದ್ದಾರೆ.

ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನಾನು ಐದು ಎಂದು ಹಿಡಿದೆ. ಜೆಆರ್‌ಎಫ್ ಸಿಕ್ಕರೂ ನನ್ನ ಕೈಗೆ ಬರುವುದು ಈಗಿನದರ ಅರ್ಧದ ಆಸುಪಾಸು. ಸಿಗದಿದ್ದರೆ? ಸೇರುವುದಿಲ್ಲ. ಈ ಮಾತನ್ನು ಹೇಳಲು ನಾಚಿಕೆ ಪಡಬೇಕಿಲ್ಲ. ಹಸಿದುಕೊಂಡು ಸಂಶೋಧನೆ ಮಾಡುವುದು ತ್ಯಾಗ ಅಂತ ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಬೇರೆ ಆದಾಯ ಇರುತ್ತದೆ.

ಸಂಶೋಧಕರಿಗೆ ಸಂಬಳ ಕೊಡುವವರು ಯಾರು?

ಪಿಎಚ್‌ಡಿ ಮುಗಿದ ಮೇಲೇನು? ಕೆಲಸ ಇರುವುದು ಮೂರು ಕಡೆ: ವಿಶ್ವವಿದ್ಯಾಲಯ, ಕಂಪನಿ, ಎನ್‌ಜಿಒ. ಮೂರರಲ್ಲೂ ಒಂದೊಂದು ಗಂಟು.

ಗೆಬ್ರು ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡವನ್ನು ಮುನ್ನಡೆಸುತ್ತಿದ್ದರು. ದೊಡ್ಡ ಭಾಷಾ ಮಾದರಿಗಳ ಅಪಾಯಗಳ ಬಗ್ಗೆ ಬರೆದ ಪ್ರಬಂಧದ ವಿವಾದದಲ್ಲಿ 2020ರ ಡಿಸೆಂಬರ್‌ನಲ್ಲಿ ಹೊರಬಿದ್ದರು. ವಜಾ ಮಾಡಿದರು ಎಂದು ಅವರು, ರಾಜೀನಾಮೆ ಕೊಟ್ಟರು ಎಂದು ಕಂಪನಿ. ಎರಡೇ ತಿಂಗಳಲ್ಲಿ ತಂಡದ ಇನ್ನೊಬ್ಬ ಮುಖ್ಯಸ್ಥೆ ಮಾರ್ಗರೆಟ್ ಮಿಚೆಲ್ ಅವರನ್ನೂ ತೆಗೆದರು. ಅನ್ನ ಹಾಕುವ ಮನೆಯನ್ನೇ ಪ್ರಶ್ನಿಸುವುದು ಎಲ್ಲಿವರೆಗೆ ನಡೆಯುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ನಮ್ಮಲ್ಲಿ ಕೇಂದ್ರ ಸಂಪುಟ 2024ರ ಮಾರ್ಚ್‌ನಲ್ಲಿ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿಗೂ ಹೆಚ್ಚು ಹಣ ಮಂಜೂರು ಮಾಡಿತು. 'ಸುರಕ್ಷಿತ ಮತ್ತು ವಿಶ್ವಾಸಾರ್ಹ ಎಐ' ಅದರ ಏಳು ಕಂಬಗಳಲ್ಲಿ ಒಂದು. ಒಳ್ಳೆಯದೇ. ಆದರೆ ಸರ್ಕಾರದ ದುಡ್ಡಲ್ಲಿ ಸರ್ಕಾರದ್ದೇ ಮುಖ ಗುರುತಿಸುವ ವ್ಯವಸ್ಥೆಯನ್ನು ಪ್ರಶ್ನಿಸುವ ಥೀಸಿಸ್ ಬರೆಯಬಹುದಾ? ಗೈಡ್‌ನ ಬಳಿ ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ ಇದು.

ನನ್ನದೇ ಅನುಭವ ಹೇಳುತ್ತೇನೆ. ನಾನಿರುವ ಕಂಪನಿಯಲ್ಲೂ 'ಜವಾಬ್ದಾರಿಯುತ ಎಐ' ಅಂತ ಒಂದು ಫಾರಂ ಇದೆ. ಪ್ರಾಡಕ್ಟ್ ಬಿಡುಗಡೆಗೆ ಮುಂಚೆ ಟಿಕ್ ಮಾಡಬೇಕು. ಒಂದು ಸಲ ನಾನು ಒಂದು ಕಾಲಂ ಖಾಲಿ ಬಿಟ್ಟೆ. ಹಳ್ಳಿಯ ಬಳಕೆದಾರರ ಮೇಲೆ ಪರೀಕ್ಷೆ ನಡೆದೇ ಇರಲಿಲ್ಲ. ಮಾರನೇ ದಿನ ನೋಡಿದರೆ ಬೇರೆ ಯಾರೋ ಟಿಕ್ ಹಾಕಿದ್ದರು. ನಾನು ಸುಮ್ಮನಿದ್ದೆ. ಅದು ಈಗಲೂ ಚುಚ್ಚುತ್ತದೆ.

ಹಾಗಾದರೆ ಡಿಗ್ರಿ ಬೇಕೇ ಬೇಕಾ?

ಈ ಕ್ಷೇತ್ರವನ್ನು ಕಟ್ಟಿದವರ ಓದನ್ನು ನೋಡಿದೆ. ಗೆಬ್ರು ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಕಂಪ್ಯೂಟರ್ ವಿಷನ್ ಕುರಿತು. ಬಡವರ ಮೇಲೆ ಸರ್ಕಾರಿ ಅಲ್ಗಾರಿದಂಗಳ ಪೆಟ್ಟಿನ ಬಗ್ಗೆ ಪುಸ್ತಕ ಬರೆದ ವರ್ಜೀನಿಯಾ ಯುಬ್ಯಾಂಕ್ಸ್ ರಾಜ್ಯಶಾಸ್ತ್ರ ಕಲಿಸುವವರು. ಸರ್ಚ್ ಎಂಜಿನ್‌ಗಳ ವರ್ಣಭೇದದ ಬಗ್ಗೆ ಬರೆದ ಸಫಿಯಾ ನೋಬಲ್ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಿಂದ ಬಂದವರು. 'ಜೆಂಡರ್ ಶೇಡ್ಸ್' ಬೆಳೆದದ್ದು ಬುವೊಲಮ್ವಿನಿಯ ಸ್ನಾತಕೋತ್ತರ ಪ್ರಬಂಧದಿಂದ. ಅದರ ಮುಂದುವರಿಕೆಯಾದ 2019ರ ಅಧ್ಯಯನವನ್ನು ಬುವೊಲಮ್ವಿನಿ ಜೊತೆ ಬರೆದ ಡೆಬೊರಾ ರಾಜಿ ಆಗ ಪಿಎಚ್‌ಡಿಗೆ ಸೇರಿಯೂ ಇರಲಿಲ್ಲ. ಯಾರ ಡಿಗ್ರಿಯ ಮೇಲೂ 'ಎಐ ಎಥಿಕ್ಸ್' ಅಂತ ಇಲ್ಲ.

ಇದರಿಂದ ನಾನು ಕಲಿತದ್ದು ಇಷ್ಟು: ಒಂದು ಗಟ್ಟಿ ಶಿಸ್ತು ಇರಲಿ, ಕಂಪ್ಯೂಟರ್ ವಿಜ್ಞಾನವೋ ಕಾನೂನೋ ಸಮಾಜಶಾಸ್ತ್ರವೋ. ಪ್ರಶ್ನೆ ಎಐನದ್ದಾಗಿರಲಿ. ಹೆಸರು ಹಳತಾದರೂ ಶಿಸ್ತು ಉಳಿಯುತ್ತದೆ.

ಪಿಎಚ್‌ಡಿ ಇಲ್ಲದೆಯೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯನ್ನೇ ನೋಡಿ. ಕೆಲಸ ಹಂಚುವ, ರೇಟಿಂಗ್ ಕೊಡುವ, ದುಡ್ಡು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕಂಪನಿಗಳು ಕಾರ್ಮಿಕರಿಗೆ ತಿಳಿಸಬೇಕು. ತೆಗೆದುಹಾಕುವ ಮೊದಲು ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು. ಆ ವಿವರಣೆ ನಿಜವೋ ಬೂಟಾಟಿಕೆಯೋ ಎಂದು ಡೆಲಿವರಿ ಹುಡುಗರ ಜೊತೆ ಕುಳಿತು ಪರೀಕ್ಷಿಸುವವರು ಬೇಕು. ಅದಕ್ಕೆ ಡಾಕ್ಟರೇಟ್ ಬೇಡ. ಸ್ವಲ್ಪ ಡೇಟಾ ಜ್ಞಾನ, ಸಂಘಟನೆಯ ಸಂಪರ್ಕ, ತಾಳ್ಮೆ ಸಾಕು.

ಹಾಗಾದರೆ ಪಿಎಚ್‌ಡಿ ಕೊಡುವುದೇನು? ಸಮಯ. ಒಂದೇ ಪ್ರಶ್ನೆಯ ಹಿಂದೆ ಐದು ವರ್ಷ ಬೀಳುವ ಅವಕಾಶ. ಆಮೇಲೆ ಕೋರ್ಟಿನಲ್ಲೋ ಸಮಿತಿಯಲ್ಲೋ "ನೀವು ಯಾರು?" ಎಂದು ಕೇಳಿದಾಗ ಹೇಳಲು ಒಂದು ಉತ್ತರ. ಇದನ್ನು ಕಡೆಗಣಿಸುವ ಹಾಗಿಲ್ಲ. ಅವ್ವ ಮೂವತ್ತು ವರ್ಷದಿಂದ ಆ ಊರಿನ ಮಕ್ಕಳನ್ನು ನೋಡಿದ್ದಾಳೆ. ಅವಳ ಮಾತನ್ನು ಆ ಆ್ಯಪ್ ಕೇಳಲಿಲ್ಲ.

ಅರ್ಜಿ ಹಾಕುವ ಮುನ್ನ ಕೇಳಿಕೊಳ್ಳಿ

1. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಮನೆಯವರಿಗೆ ಅರ್ಥವಾಗುವ ಹಾಗೆ ಹೇಳಬಲ್ಲಿರಾ? "ಎಐ ಮತ್ತು ಸಮಾಜ" ಅನ್ನುವುದು ಪ್ರಶ್ನೆಯಲ್ಲ.
2. ಅದಕ್ಕೆ ನಿಜವಾಗಿ ಐದು ವರ್ಷ ಬೇಕಾ, ಆರು ತಿಂಗಳ ತನಿಖಾ ವರದಿ ಮತ್ತು ನಾಲ್ಕು ಆರ್‌ಟಿಐ ಅರ್ಜಿ ಸಾಕಾ?
3. ಗೈಡ್ ಯಾರು? ಅವರ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ, ಎಷ್ಟು ಜನ ನಡುವೆ ಬಿಟ್ಟಿದ್ದಾರೆ? ವೆಬ್‌ಸೈಟ್ ನೋಡಬೇಡಿ, ಆ ವಿದ್ಯಾರ್ಥಿಗಳನ್ನೇ ಕೇಳಿ.
4. ಲ್ಯಾಬಿಗೆ ದುಡ್ಡು ಎಲ್ಲಿಂದ ಬರುತ್ತದೆ?
5. ಬರೆದದ್ದನ್ನು ಯಾರಿಗೆ ಒಪ್ಪಿಸುತ್ತೀರಿ? ಜರ್ನಲ್‌ಗೆ ಮಾತ್ರವಾ, ಯಾರ ಬಗ್ಗೆ ಬರೆದಿರೋ ಅವರಿಗೂನಾ?

ನನ್ನ ತೀರ್ಮಾನ

ಅರ್ಜಿ ಹಾಕುತ್ತಿದ್ದೇನೆ. ಆದರೆ ಕಂಪ್ಯೂಟರ್ ವಿಜ್ಞಾನ ಮತ್ತು ಸಮಾಜ ಅಧ್ಯಯನ ಎರಡರಿಂದಲೂ ಗೈಡ್ ಇರುವ ಕಡೆ ಮಾತ್ರ, ಫೆಲೋಶಿಪ್ ಸಿಕ್ಕರೆ ಮಾತ್ರ. ನನ್ನ ಪ್ರಶ್ನೆ: ಯಂತ್ರ ಗುರುತಿಸದೇ ಹೋದ ಹೆಂಗಸು ಮುಂದೆ ಎಲ್ಲಿಗೆ ಹೋಗುತ್ತಾಳೆ, ಏನು ಕಳೆದುಕೊಳ್ಳುತ್ತಾಳೆ?

ಇದನ್ನು ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಷ್ಟ್ ವರ್ಷದ್ದು ಓದು?" ಅಂದಳು.

"ಐದು ಅವ್ವ."

"ಅಲ್ಲೀತನಕ ಆ ಕೂಸಿಗೆ ನಾ ಏನ್ ಕೊಡ್ಲಿ?"

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಸದ್ಯಕ್ಕೆ ಇಬ್ಬರೂ ಒಂದು ನೋಟ್‌ಬುಕ್ ಶುರು ಮಾಡಿದ್ದೇವೆ. ಯಾವ ದಿನ, ಎಷ್ಟು ಸಲ ಫೇಲ್, ನೆಟ್‌ವರ್ಕ್ ಇತ್ತಾ, ಆಹಾರ ಸಿಕ್ಕಿತಾ, ಎಷ್ಟು ದಿನ ತಡವಾಯಿತು ಎಂದು ಅವ್ವ ಬರೆಯುತ್ತಾಳೆ. ಹೆಸರು ಬರೆಯುವುದಿಲ್ಲ. ಪಕ್ಕದ ಎರಡು ಊರಿನ ಕಾರ್ಯಕರ್ತೆಯರೂ ಸೇರಿದ್ದಾರೆ. ಲೆಕ್ಕವನ್ನು ಅವರ ಸಂಘದವರಿಗೆ ಕೊಡುತ್ತೇವೆ. ನನಗೆ ಸೀಟು ಸಿಕ್ಕರೂ ಸಿಗದಿದ್ದರೂ ಅದು ನಿಲ್ಲುವುದಿಲ್ಲ.