ಗುಂಡು ಹಾರಿಸದ ಸೈನಿಕ, ರಾತ್ರಿ ನುಗ್ಗಿದ ಅಶ್ವತ್ಥಾಮ

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ದಲ್ಲಿ ಒಬ್ಬ ತಾರೆಯೂ ಇರಲಿಲ್ಲ. ಇದ್ದವೆಲ್ಲ ಕಂಪ್ಯೂಟರಿನಲ್ಲಿ ಮೂಡಿದ ಪಾತ್ರಗಳೇ. ಆದರೂ ಗಳಿಕೆ 300 ಕೋಟಿ ರೂಪಾಯಿ ದಾಟಿತು. ಅಶ್ವಿನ್ ಕುಮಾರ್ ನಿರ್ದೇಶನದ ಈ ಚಿತ್ರವನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲಂಸ್. ಆ ಸಂಸ್ಥೆಯ ವಿಜಯ್ ಕಿರಗಂದೂರು ಮಂಡ್ಯ ಜಿಲ್ಲೆಯವರು. ಕಾರ್ಟೂನ್ ಎಂದರೆ ಮಕ್ಕಳ ಕಾಲಕ್ಷೇಪ ಎನ್ನುತ್ತಿದ್ದವರು ಮಕ್ಕಳನ್ನಷ್ಟೇ ಅಲ್ಲ, ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಥಿಯೇಟರಿಗೆ ಹೋದರು.

ಅದು ಭಕ್ತಿಯ ಕಥೆ. ಕೊಲೆ, ಪಾಪಪ್ರಜ್ಞೆ, ಸೇಡು ಇಂಥವನ್ನು ಅನಿಮೇಷನ್ ಹೊರಬಲ್ಲುದೇ? ಬಲ್ಲುದು ಎಂದು ಜಪಾನ್ ಕಾಲು ಶತಮಾನದ ಹಿಂದೆಯೇ ತೋರಿಸಿದೆ. 1999ರ ‘ಜಿನ್-ರೋ’ ಅದಕ್ಕೆ ಒಳ್ಳೆಯ ಸಾಕ್ಷಿ. ನಿರ್ದೇಶಕ ಹಿರೋಯುಕಿ ಒಕಿಯುರಾ ಅವರ ಮೊದಲ ಚಿತ್ರವಿದು. ಚಿತ್ರಕಥೆ ‘ಘೋಸ್ಟ್ ಇನ್ ದಿ ಶೆಲ್’ ಖ್ಯಾತಿಯ ಮಮೋರು ಒಶಿಯಿ ಅವರದು.

ಕಥೆ ನಡೆಯುವುದು ಎರಡನೇ ಮಹಾಯುದ್ಧದ ನಂತರದ, ಆದರೆ ಇತಿಹಾಸ ಬೇರೆ ದಾರಿ ಹಿಡಿದ ಜಪಾನಿನಲ್ಲಿ. ಬೀದಿಯಲ್ಲಿ ಗಲಭೆ, ನೆಲದಡಿಯ ಚರಂಡಿ ಸುರಂಗಗಳಲ್ಲಿ ಬಂಡುಕೋರರು. ಅವರನ್ನು ಹತ್ತಿಕ್ಕಲು ತಲೆಯಿಂದ ಪಾದದವರೆಗೆ ಕವಚ ತೊಟ್ಟ ಪೊಲೀಸ್ ಪಡೆ. ಮುಖವಾಡದಲ್ಲಿ ಕೆಂಪಗೆ ಉರಿಯುವ ಎರಡು ಕಣ್ಣು ಬಿಟ್ಟರೆ ಒಳಗೊಬ್ಬ ಮನುಷ್ಯನಿದ್ದಾನೆ ಎನ್ನುವುದಕ್ಕೆ ಬೇರೆ ಗುರುತಿಲ್ಲ. ಆ ಪಡೆಯ ಫುಸೆಗೆ ಸುರಂಗದಲ್ಲಿ ಒಬ್ಬ ಹುಡುಗಿ ಎದುರಾಗುತ್ತಾಳೆ. ಅವಳ ಚೀಲದಲ್ಲಿ ಬಾಂಬು. ಗುಂಡು ಹಾರಿಸು ಎಂದು ಆಜ್ಞೆಯಾಗುತ್ತದೆ. ಅವನ ಬೆರಳು ಅಲ್ಲಾಡುವುದಿಲ್ಲ. ಅವಳು ಬಾಂಬು ಸಿಡಿಸಿಕೊಂಡು ಸಾಯುತ್ತಾಳೆ.

ಅಲ್ಲಿಂದ ಮುಂದೆ ಇದು ಪಕ್ಕಾ ಕ್ರೈಂ ಕಥೆ. ಫುಸೆಯನ್ನು ಮತ್ತೆ ತರಬೇತಿಗೆ ಕಳಿಸುತ್ತಾರೆ. ಸತ್ತ ಹುಡುಗಿಯ ಅಕ್ಕ ಎಂದು ಹೇಳಿಕೊಂಡು ಕೆಯಿ ಎಂಬ ಯುವತಿ ಅವನ ಬದುಕಿಗೆ ಬರುತ್ತಾಳೆ. ಅಕ್ಕನೆನ್ನುವುದು ಸುಳ್ಳು, ಪೊಲೀಸ್ ಇಲಾಖೆಯದೇ ಇನ್ನೊಂದು ಬಣ ಒಡ್ಡಿದ ಬಲೆ ಅವಳು. ಬಲೆ ಹಾಕಿದವರ ಹಿಂದೆ ಮತ್ತೊಂದು ಗುಪ್ತ ಕೂಟವಿದೆ. ಯಾರು ಯಾರನ್ನು ಬೇಟೆಯಾಡುತ್ತಿದ್ದಾರೆ ಎಂಬುದು ಕಡೆಯ ಸುರಂಗದವರೆಗೂ ಬಯಲಾಗುವುದಿಲ್ಲ. ಕೊನೆಗೆ ಫುಸೆ ಮತ್ತೆ ಅದೇ ಇಕ್ಕಟ್ಟಿಗೆ ಬಂದು ನಿಲ್ಲುತ್ತಾನೆ: ಮುಂದೆ ಹೆಣ್ಣು, ಕೈಯಲ್ಲಿ ಬಂದೂಕು, ಹಿಂದೆ ಪಡೆಯ ಆಜ್ಞೆ. ಅವನೇನು ಮಾಡಿದ ಎಂಬುದನ್ನು ಚಿತ್ರ ನೋಡಿಯೇ ತಿಳಿಯಬೇಕು.

ಕೈಯಲ್ಲಿ ಬರೆದ ಈ ಚಿತ್ರದಲ್ಲಿ ಫುಸೆ ಅತ್ತು ಕರೆಯುವುದಿಲ್ಲ, ಮಾತೂ ಕಡಿಮೆ. ಅವನ ಒಳಗಿನದನ್ನು ಕನಸಿನಲ್ಲಿ ಹುಡುಗಿಯ ಮೇಲೆ ಎರಗುವ ತೋಳಗಳು ಹೇಳುತ್ತವೆ. ಕ್ಯಾಮೆರಾ ಹಿಡಿಯಲಾಗದ ಮನಸ್ಸಿನ ಕೇಡನ್ನು ಗೆರೆ ಹಿಡಿಯಬಲ್ಲುದು. 2008ರಲ್ಲಿ ಇಸ್ರೇಲಿನ ಆರಿ ಫೋಲ್ಮನ್, 1982ರ ಲೆಬನಾನ್ ಯುದ್ಧದ ತಮ್ಮದೇ ನೆನಪುಗಳನ್ನು ‘ವಾಲ್ಟ್ಜ್ ವಿತ್ ಬಶೀರ್’ ಚಿತ್ರವಾಗಿಸುವಾಗ ಅನಿಮೇಷನ್ ಮೊರೆಹೋದರು. ಅದರ ಮೊದಲ ದೃಶ್ಯದಲ್ಲಿ ಮಾಜಿ ಸೈನಿಕನೊಬ್ಬನ ಕನಸಿಗೆ ನುಗ್ಗುವುದು ಅವನೇ ಯುದ್ಧಕಾಲದಲ್ಲಿ ಕೊಂದಿದ್ದ 26 ನಾಯಿಗಳು.

ಇಂಥ ಕಥೆಗೆ ನಾವು ಜಪಾನಿಗೆ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪ, ಆಚೆಯ ಮಳವಳ್ಳಿ, ಇಡೀ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಇಂದಿಗೂ ಹಬ್ಬ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಧಾರಿಗಳೇ ದುಡ್ಡು ಹಾಕಿ ಸೀನರಿ, ಡ್ರೆಸ್ಸು ತರಿಸುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಅವನು ತೊಡೆ ಮುರಿದು ಬೀಳುವ ಹೊತ್ತಿಗೆ ಬೆಳಕು ಹರಿಯುತ್ತಿರುತ್ತದೆ.

ಮಹಾಭಾರತದ ಅತಿ ಕರಾಳ ಅಪರಾಧ ನಡೆಯುವುದು ಆ ಬಳಿಕ. ಪಾಂಡವರು ಸುಳ್ಳು ಹೇಳಿ ತಂದೆ ದ್ರೋಣನನ್ನು ಕೊಲ್ಲಿಸಿದ ಕಿಚ್ಚು ಅಶ್ವತ್ಥಾಮನೊಳಗಿದೆ. ಒಡೆಯ ತೊಡೆ ಮುರಿದು ಬಿದ್ದಿದ್ದಾನೆ. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದು ಕಣ್ಣಿಗೆ ಬೀಳುತ್ತದೆ. ತಾನೂ ಹಾಗೆಯೇ ಮಾಡಲು ಹೊರಡುತ್ತಾನೆ. ಮಲಗಿದವರನ್ನು ಕೊಲ್ಲುವುದು ಅಧರ್ಮ ಎಂದು ಸೋದರಮಾವ ಕೃಪ ತಡೆಯುತ್ತಾನೆ. ಕೊನೆಗೆ ಅವನೂ ಜೊತೆಗೆ ಹೊರಡುತ್ತಾನೆ. ಪಾಂಡವರ ಶಿಬಿರಕ್ಕೆ ನುಗ್ಗಿದ ಅಶ್ವತ್ಥಾಮ ಧೃಷ್ಟದ್ಯುಮ್ನನನ್ನು ಆಯುಧವಿಲ್ಲದೆ ತುಳಿದೇ ಕೊಲ್ಲುತ್ತಾನೆ, ದ್ರೌಪದಿಯ ಐದು ಮಕ್ಕಳನ್ನು ಕತ್ತರಿಸುತ್ತಾನೆ. ಓಡಿ ಬಂದವರನ್ನು ಬಾಗಿಲಲ್ಲಿ ಕಾದಿದ್ದ ಕೃಪ, ಕೃತವರ್ಮರು ಮುಗಿಸುತ್ತಾರೆ.

ಈ ಯೋಧನನ್ನು ದುರಂತ ನಾಯಕನಾಗಿ ಕನ್ನಡಕ್ಕೆ ಕೊಟ್ಟವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯ. ಗ್ರೀಕ್ ಕವಿ ಸೊಫೊಕ್ಲಿಸನ ‘ಅಯಾಸ್’ ನಾಟಕದಲ್ಲಿ ಶತ್ರುಗಳೆಂದು ಭ್ರಮಿಸಿ ದನಕರುಗಳನ್ನು ಕಡಿದ ವೀರ, ಭ್ರಮೆ ಇಳಿದ ಮೇಲೆ ನಾಚಿಕೆಯಿಂದ ತನ್ನ ಕತ್ತಿಗೇ ಬೀಳುತ್ತಾನೆ. ಆ ಅಚ್ಚಿನಲ್ಲಿ ಬಿಎಂಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಪುರಾಣ ಚಿರಂಜೀವಿ ಎಂದ ಅಶ್ವತ್ಥಾಮನಿಗೆ ಅವರು ಸಾವು ಕೊಟ್ಟರು. ಅದು ವಿದ್ವಾಂಸರಲ್ಲಿ ಚರ್ಚೆಗೂ ಕಾರಣವಾಯಿತು.

ಕಥೆ ಕೈಯಲ್ಲಿದೆ, ರಾತ್ರಿಯಿಡೀ ಕೂತು ನೋಡುವ ಪ್ರೇಕ್ಷಕರಿದ್ದಾರೆ, ಅನಿಮೇಷನ್‌ಗೆ ಹಣ ಹಾಕಿದರೆ ಬರುತ್ತದೆ ಎಂಬುದೂ 2025ರಲ್ಲಿ ಖಚಿತವಾಗಿದೆ. ಕನ್ನಡದ ನಿರ್ಮಾಪಕರು ಮುಂದಿನ ಅನಿಮೇಷನ್ ಚಿತ್ರಕ್ಕೆ ದೇವರನ್ನೇ ಹುಡುಕುವ ಬದಲು ಅಶ್ವತ್ಥಾಮನ ಆ ರಾತ್ರಿಯನ್ನು ಕೈಗೆತ್ತಿಕೊಳ್ಳಲಿ.