ವೃದ್ಧಾಶ್ರಮದಲ್ಲಿ ಔಷಧ ನೀಡುವ ಕಾಯಕ

ಕಾಯಕ ದಾಸೋಹಗಳನ್ನು ಬಾಳಿನ ಎರಡು ಕಣ್ಣುಗಳೆಂದು ಬಗೆದ ಶರಣರ ನಾಡಿನಲ್ಲಿ ವೃದ್ಧರ ಸೇವೆಗೆ ಬೇರೆ ಪೀಠಿಕೆ ಬೇಕಿಲ್ಲ. ಆದರೆ ವೃದ್ಧಾಶ್ರಮದ ಸೇವಕನು ಅನ್ನವನ್ನಷ್ಟೇ ಅಲ್ಲ, ಔಷಧವನ್ನೂ ನೀಡಬೇಕಾದವನು. ಅನ್ನ ಒಂದು ತುತ್ತು ಹೆಚ್ಚಾದರೆ ಬಾಧೆಯಿಲ್ಲ. ಔಷಧ ಮಿತಿಮೀರಿದರೆ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಈ ಕಾಯಕಕ್ಕೆ ಕರುಣೆಯೊಂದೇ ಸಾಲದು, ಶಿಕ್ಷಣವೂ ಬೇಕು.

‘ಮಾತ್ರೆ’ ಎಂಬ ಶಬ್ದವೇ ಈ ತತ್ತ್ವವನ್ನು ಸಾರುತ್ತದೆ. ಮಾತ್ರೆಯೆಂದರೆ ಅಳತೆ. ಛಂದಸ್ಸಿನಲ್ಲಿ ಹ್ರಸ್ವಾಕ್ಷರದ ಉಚ್ಚಾರಣಕಾಲವೇ ಒಂದು ಮಾತ್ರೆ. ಭಾಮಿನೀ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆಗಳು. ಒಂದು ಹೆಚ್ಚಿದರೂ ಕುಂದಿದರೂ ಪದ್ಯ ಕೆಡುತ್ತದೆ. ಪದ್ಯವನ್ನು ತಿದ್ದಿ ಬರೆಯಬಹುದು. ದೇಹವನ್ನು ಹಾಗೆ ತಿದ್ದಲಾಗದು.

ಇಂತಹ ಪ್ರಮಾದ ಅಪರೂಪದ್ದಲ್ಲ. ಇಂಗ್ಲೆಂಡಿನ 55 ಆಶ್ರಮಗಳ 256 ನಿವಾಸಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 178 ಮಂದಿಯ ಔಷಧವ್ಯವಸ್ಥೆಯಲ್ಲಿ ಒಂದಾದರೂ ತಪ್ಪು ಕಂಡುಬಂದಿತು. ವೈದ್ಯರ ಬರೆಹದಿಂದ ಹಿಡಿದು ಸೇವಕರ ಕೈಯವರೆಗೆ ಎಲ್ಲ ಹಂತಗಳಲ್ಲಿಯೂ ತಪ್ಪುಗಳಿದ್ದವು. ಮುಪ್ಪಿನಲ್ಲಿ ಮೂತ್ರಪಿಂಡಗಳ ಶಕ್ತಿ ಕುಂದುವುದರಿಂದ ಅನೇಕ ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಹಲವು ರೋಗಗಳಿಗೆ ಹಲವು ಔಷಧಗಳು ಕೂಡಿಬರುತ್ತವೆ. ಹೀಗಾಗಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಶಿಕ್ಷಣದ ಮೊದಲ ಪಾಠ ಐದು ಪ್ರಶ್ನೆಗಳು: ಈ ವ್ಯಕ್ತಿಯೇ? ಈ ಔಷಧವೇ? ಇಷ್ಟೇ ಪ್ರಮಾಣವೇ? ಇದೇ ಮಾರ್ಗವೇ? ಇದೇ ವೇಳೆಯೇ? ಇವನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು. ಹೆಸರು ಕರೆದಾಗ ಕಿವಿ ಮಂದವಾದ ಅಜ್ಜನು ಯಾರ ಹೆಸರಿಗಾದರೂ ‘ಹೂಂ’ ಎನ್ನಬಹುದು. ಆದುದರಿಂದ ಭಾವಚಿತ್ರವಿರುವ ಪಟ್ಟಿಯೊಡನೆ ಹೋಲಿಸುವುದು ಲೇಸು.

ಎರಡನೆಯದು ಬರೆಹದ ಪಾಠ. ವೈದ್ಯರು ದಿನಕ್ಕೆರಡು ಬಾರಿ ಎಂಬುದಕ್ಕೆ ‘ಬಿ.ಡಿ.’ ಎಂದು ಬರೆಯುವುದುಂಟು. ಕನ್ನಡವನ್ನಷ್ಟೇ ಬಲ್ಲವನ ಕಿವಿಗೆ ಅದು ‘ಬಿಡಿ’ ಎಂದೇ ಕೇಳೀತು! ಆದಕಾರಣ ಆಶ್ರಮದ ಪಟ್ಟಿಯಲ್ಲಿ ‘ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ’ ಎಂದು ಅಚ್ಚಗನ್ನಡದಲ್ಲಿ ಬರೆಯಿಸಿ, ಬಲ್ಲ ದಾದಿಯಿಂದ ತಾಳೆ ನೋಡಿಸಬೇಕು.

ಮೂರನೆಯದು ಔಷಧಗಳ ಸ್ವಭಾವದ ಪರಿಚಯ. ಥೈರಾಕ್ಸಿನ್ ಬರಿ ಹೊಟ್ಟೆಗೆ ಸಲ್ಲತಕ್ಕದ್ದು. ಮೆಲ್ಲನೆ ಕರಗುವಂತೆ ರಚಿಸಿದ ಮಾತ್ರೆಯನ್ನು ಪುಡಿಮಾಡಿದರೆ, ದಿನವಿಡೀ ಒದಗಬೇಕಾದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನವೂ ಕೊಟ್ಟು ಸಾವು ಸಂಭವಿಸಿದ್ದುಂಟು. ಇನ್ಸುಲಿನ್ನಿನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದೂ 100 ಯೂನಿಟ್ ಇರುವುದೂ ನಮ್ಮ ದೇಶದಲ್ಲಿ ದೊರೆಯುತ್ತವೆ. 40ರ ಸಿರಿಂಜಿನಲ್ಲಿ 100ರ ಔಷಧವನ್ನು 10ರ ಗೆರೆಯವರೆಗೆ ತುಂಬಿದರೆ, ಮೈಗೆ ಸೇರುವುದು 10 ಅಲ್ಲ, 25 ಯೂನಿಟ್.

ನಾಲ್ಕನೆಯದು ದಾಖಲೆ. ನುಂಗಿದ್ದನ್ನು ಕಂಡ ಮೇಲೆಯೇ ಸಹಿ ಹಾಕಬೇಕು; ಮೊದಲೇ ಹಾಕಲಾಗದು. ವೃದ್ಧರು ಒಲ್ಲೆನೆಂದರೆ ಅದನ್ನೂ ಬರೆದು ವೈದ್ಯರಿಗೆ ತಿಳಿಸಬೇಕು. ಗುಟ್ಟಾಗಿ ಅನ್ನದಲ್ಲಿ ಬೆರೆಸಿ ಉಣಿಸುವುದು ಅವರ ಮಾನಕ್ಕೆ ಮಾಡುವ ಅಪಚಾರ.

ಈ ಪಾಠಗಳು ಉಪನ್ಯಾಸದಿಂದ ಕರಗತವಾಗವು. ಅನುಭವಿ ದಾದಿಯ ಕಣ್ಣೆದುರಿನಲ್ಲಿ ಹಲವು ಸಲ ಮಾಡಿ ತೋರಿಸಿದವನಿಗೇ ಔಷಧದ ಕಪಾಟಿನ ಬೀಗದಕೈ ಸಲ್ಲಬೇಕು. ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ ನಡೆಯಬೇಕು.

ಇಷ್ಟಾದರೂ ತಪ್ಪು ಘಟಿಸಬಹುದು. ಒಡನೆಯೇ ತಿಳಿಸಿದರೆ ವೈದ್ಯರಿಗೆ ಜೀವವುಳಿಸಲು ಅವಕಾಶವಿರುತ್ತದೆ. ದಂಡನೆಯ ಭಯದಿಂದ ಮುಚ್ಚಿಟ್ಟರೆ ಆ ಅವಕಾಶ ಕೈತಪ್ಪುತ್ತದೆ. ಆದುದರಿಂದ ತಪ್ಪನ್ನು ಹೇಳಿಕೊಂಡ ಸೇವಕನನ್ನು ಗದರಿಸದೆ, ತಪ್ಪಿನ ಕಾರಣವನ್ನು ಅರಸುವುದು ಆಡಳಿತದವರ ಧರ್ಮ. ಪರರ ಕೈಯಿಂದ ಕೊಟ್ಟದ್ದನ್ನು ಕೇಳದೆ ನುಂಗುವ ಹಿರಿಯರ ನಂಬಿಕೆಗೆ ಅರ್ಹವಾಗಿ ಬಾಳುವುದೇ ಈ ಕಾಯಕದ ಸಾರ.