ಭೂಫಲಕದೊಳಗಿನ ಸೀಳು: ಕೋಲಾರ ಚಿನ್ನದ ಗಣಿಗಳ ಕಂಪನಾನುಭವ

ಆದಿಶೇಷನು ತಲೆಯ ಭಾರವನ್ನು ಬದಲಿಸಿಕೊಂಡಾಗ ನೆಲ ನಡುಗುತ್ತದೆ ಎಂಬುದು ಜನಪದ ನಂಬಿಕೆ. ಭೂವಿಜ್ಞಾನವು ಈ ನಡುಕಕ್ಕೆ ಭೂಫಲಕಗಳ ಚಲನೆಯಲ್ಲಿ ಕಾರಣವನ್ನು ಗುರುತಿಸಿದೆ. ದೊಡ್ಡ ಭೂಕಂಪಗಳಲ್ಲಿ ಬಹುಪಾಲು ಫಲಕಗಳು ಸಂಧಿಸುವ ಅಂಚಿನಲ್ಲಿಯೇ ಸಂಭವಿಸುತ್ತವೆ. ಹಾಗಿದ್ದರೆ ಅಂಚಿನಿಂದ ದೂರದಲ್ಲಿ, ಫಲಕದ ಒಡಲಿನಲ್ಲಿಯೇ ಶಿಲೆ ಸೀಳುವುದೇಕೆ?

ಇದಕ್ಕೆ ಅತಿ ದೊಡ್ಡ ನಿದರ್ಶನ ಹಿಂದೂ ಮಹಾಸಾಗರದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿಗೆ ಕಾರಣವಾದ ಕಂಪನವು ಫಲಕದ ಅಂಚಿನದು. ಆದರೆ 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ ಸಂಭವಿಸಿದ 8.6 ಪ್ರಮಾಣದ ಕಂಪನವು ಸಾಗರ ಫಲಕದೊಳಗಿನದು. ಸುಮಾರು ಎರಡು ಗಂಟೆಗಳ ನಂತರ 8.2 ಪ್ರಮಾಣದ ಮತ್ತೊಂದು ಕಂಪನವಾಯಿತು. ಹಿಮಾಲಯದ ಬಳಿ ಭಾರತದ ಭಾಗಕ್ಕೆ ತಡೆಯುಂಟಾಗಿದೆ, ಆಸ್ಟ್ರೇಲಿಯದ ಭಾಗ ಮುನ್ನುಗ್ಗುತ್ತಿದೆ. ಹೀಗಾಗಿ ನಡುವಿನ ಸಾಗರತಳ ನಲುಗುತ್ತಿದೆ. ಅಲ್ಲಿನ ಒತ್ತಡವು ಪರಸ್ಪರ ಅಡ್ಡಲಾಗಿದ್ದ ಹಲವು ಸ್ತರಭಂಗಗಳನ್ನು ಒಂದೇ ಘಟನೆಯಲ್ಲಿ ಸರಿಸಿತು. ಚಲನೆ ಮುಖ್ಯವಾಗಿ ಅಡ್ಡಡ್ಡವಾಗಿದ್ದುದರಿಂದ ದೊಡ್ಡ ಸುನಾಮಿ ಏಳಲಿಲ್ಲ. ಸಂಗ್ರಹವಾದ ಒತ್ತಡ ಮತ್ತು ಮೊದಲೇ ಇದ್ದ ದೌರ್ಬಲ್ಯ, ಇವೆರಡೂ ಕೂಡಿದಾಗ ಫಲಕದ ಒಡಲೂ ಸೀಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇದೇ ತತ್ತ್ವವನ್ನು ಕಿರಿದಾದ ಅಳತೆಯಲ್ಲಿ, ಆದರೆ ಮನುಷ್ಯಜೀವದ ತೀರ ಸಮೀಪದಲ್ಲಿ ಕಾಣಬಹುದಾದ ಸ್ಥಳ ಕೋಲಾರ ಚಿನ್ನದ ಗಣಿ ಪ್ರದೇಶ. ಬೌರಿಂಗ್‌ಪೇಟೆ ಎಂದು ಹೆಸರಾಗಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ರೈಲು ಮಾರ್ಗ ಬರುವ ಹೊತ್ತಿಗೆ ಇಲ್ಲಿ ಗಣಿಗಾರಿಕೆ ನೆಲೆಯೂರಿತ್ತು. ಗಣಿಗಳು ಆಳವಾದಂತೆ ಶಿಲಾಸ್ಫೋಟಗಳು ಹೆಚ್ಚಿದವು. 1904ರಲ್ಲಿಯೇ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ಗಣಿಗಳ 'ಏರ್ ಬ್ಲಾಸ್ಟ್' ಮತ್ತು ನಡುಕಗಳನ್ನು ಕುರಿತು ವರದಿ ಬರೆದರು.

ಚಾಂಪಿಯನ್ ರೀಫ್ ಗಣಿ ಕ್ರಮೇಣ ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿಯಿತು. ಅಷ್ಟು ಆಳದಲ್ಲಿ ಮೇಲಿನ ಶಿಲೆಯ ಭಾರ ಪ್ರತಿ ಚದರ ಸೆಂಟಿಮೀಟರಿಗೆ 800 ಕಿಲೋಗ್ರಾಂ ಮೀರುತ್ತದೆ. ಅದಿರನ್ನು ತೆಗೆದಾಗ ಆ ಭಾರವೆಲ್ಲ ಉಳಿದ ಶಿಲೆಯ ಮೇಲೆ ಬೀಳುತ್ತದೆ. ಗಟ್ಟಿಯೂ ಭಿದುರವೂ ಆದ ಶಿಲೆ ಬಾಗುವುದಿಲ್ಲ, ಸಿಡಿಯುತ್ತದೆ. ಸಮೀಪದ ಸ್ತರಭಂಗವೂ ಸರಿದರೆ ಕಂಪನವು ಮೇಲಿನ ಕಾಲೋನಿಗಳ ಮನೆಗಳನ್ನೂ ಮುಟ್ಟುತ್ತದೆ. ಸಾಗರದಲ್ಲಿ ಒತ್ತಡವನ್ನು ಕೂಡಿಸಿದ್ದು ಫಲಕದ ಚಲನೆ; ಇಲ್ಲಿ ಅದನ್ನು ಕದಲಿಸಿದ್ದು ಮನುಷ್ಯನ ಅಗೆತ. ಪ್ರಮಾಣದ ಒಂದು ಅಂಕಕ್ಕೆ ಶಕ್ತಿ ಸುಮಾರು 32 ಪಟ್ಟು ಏರುವುದರಿಂದ ಇವೆರಡರ ಗಾತ್ರಕ್ಕೆ ಹೋಲಿಕೆಯಿಲ್ಲ. ಆದರೂ ಸುರಂಗದಲ್ಲಿದ್ದ ಕಾರ್ಮಿಕನಿಗೆ ಚಿಕ್ಕ ಸಿಡಿತವೇ ಮರಣವಾಗಬಹುದಿತ್ತು.

ಈ ಅಪಾಯವನ್ನು ತಗ್ಗಿಸಲು ಮರದ ಆಸರೆಯ ಬದಲು ಗ್ರಾನೈಟ್ ಕಲ್ಲಿನ ಗೋಡೆಗಳನ್ನೂ ಮುಂದೆ ಕಾಂಕ್ರೀಟನ್ನೂ ಬಳಸಲಾಯಿತು. 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನಮಾಪಕ ಜಾಲ ಸ್ಥಾಪಿತವಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಆರಂಭವಾಯಿತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಸುರಂಗಗಳಲ್ಲಿ ನೀರು ತುಂಬಿತು. ಕಂಪನಗಳು ಮಾತ್ರ ಆ ಬಳಿಕವೂ ದಾಖಲಾದವು. ಒತ್ತಡಕ್ಕೆ ಆಡಳಿತದ ಆಜ್ಞೆ ಅನ್ವಯಿಸದು. ಬಿರುಕುಗಳಿಗೆ ಇಳಿದ ನೀರು ಅವುಗಳ ಹಿಡಿತವನ್ನು ಸಡಿಲಿಸಬಲ್ಲದು.

ಮಾಪಕಗಳು ಕಂಪನದ ಕ್ಷಣ, ಸ್ಥಳ ಮತ್ತು ಪ್ರಮಾಣವನ್ನು ದಾಖಲಿಸಿವೆ. ಬಂಡೆಯ ಚಟಪಟ ಸದ್ದಿಗೆ ಕಿವಿಗೊಟ್ಟು ಹಿಂದೆ ಸರಿದ ಕಾರ್ಮಿಕರ ಅರಿವು, ನೆಲ ನಡುಗಿದಾಗ ಪಾಳಿಗೆ ಹೋದವರಿಗಾಗಿ ಕಾದ ಮನೆಯವರ ನೆನಪು ಅವುಗಳಲ್ಲಿ ಸಿಗುವುದಿಲ್ಲ. ಕನ್ನಡ, ತಮಿಳು, ತೆಲುಗು ಭಾಷೆಗಳಲ್ಲಿ ಹಂಚಿಹೋಗಿರುವ ಈ ಮೌಖಿಕ ತಿಳಿವಳಿಕೆಯನ್ನು, ಅದನ್ನು ಬಲ್ಲ ಹಿರಿಯರು ಇರುವಾಗಲೇ ಸಂಗ್ರಹಿಸಿ ಮಾಪಕದ ದಾಖಲೆಯ ಪಕ್ಕದಲ್ಲಿಡುವುದು ಜಾನಪದ ಅಧ್ಯಯನದ ತುರ್ತು ಕರ್ತವ್ಯವಾಗಿದೆ.